ಕಪಾಟಿನಲ್ಲಿ ಇನ್ನೂ ಒಂಬತ್ತು ಗ್ರಹ

ಮಕ್ಕಳ ಕಥೆ ಪುಸ್ತಕಕ್ಕೆ ವಯಸ್ಸಾಗುವುದಿಲ್ಲ. ಮಾಹಿತಿ ಪುಸ್ತಕಕ್ಕೆ ಆಗುತ್ತದೆ. ನಮ್ಮ ಸಾರ್ವಜನಿಕ ಗ್ರಂಥಾಲಯಗಳು ಈ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡಿವೆಯೇ?

ಪ್ರಾಗ್ ನಗರದಲ್ಲಿ ಸೇರಿದ್ದ ಖಗೋಳ ವಿಜ್ಞಾನಿಗಳು ಪ್ಲೂಟೊವನ್ನು ಗ್ರಹಗಳ ಸಾಲಿನಿಂದ ಕೆಳಗಿಳಿಸಿದ್ದು 2006ರ ಆಗಸ್ಟ್ 24ರಂದು. ಇವತ್ತು ಪ್ರಾಥಮಿಕ ಶಾಲೆಯಲ್ಲಿರುವ ಮಕ್ಕಳು ಯಾರೂ ಆಗ ಹುಟ್ಟಿರಲಿಲ್ಲ. ಆದರೂ ಊರಿನ ಗ್ರಂಥಾಲಯಕ್ಕೆ ಹೋಗಿ, ಮಕ್ಕಳ ವಿಭಾಗದಲ್ಲಿ ಸೌರವ್ಯೂಹದ ಪುಸ್ತಕ ಎಳೆದು ನೋಡಿದರೆ ಒಂಬತ್ತು ಗ್ರಹಗಳು ಸಾಲಾಗಿ ನಿಂತ ಚಿತ್ರ ಈಗಲೂ ಸಿಗಬಹುದು. ಅದೇ ಪುಸ್ತಕದಲ್ಲಿ ಶನಿಗೆ ಹದಿನೇಳೋ ಹದಿನೆಂಟೋ ಚಂದ್ರರಿರುತ್ತಾರೆ. 2025ರ ಮಾರ್ಚ್‌ನಲ್ಲಿ ಒಂದೇ ಸಲ 128 ಹೊಸ ಚಂದ್ರರು ಪಟ್ಟಿಗೆ ಸೇರಿ, ಶನಿಯ ಚಂದ್ರರ ಸಂಖ್ಯೆ 274ಕ್ಕೆ ಏರಿತು.

ಆಕಾಶ ದೂರದ ಮಾತಾಯಿತು, ನೆಲಕ್ಕೇ ಬರೋಣ. ವಿಜಯನಗರ ಜಿಲ್ಲೆ 2021ರಲ್ಲಿ ಹುಟ್ಟಿ ಕರ್ನಾಟಕದ ಜಿಲ್ಲೆಗಳು 31 ಆದವು. ಇಪ್ಪತ್ತೇಳು ಜಿಲ್ಲೆಗಳ ನಕ್ಷೆಯಿರುವ ಪುಸ್ತಕದಲ್ಲಿ ಯಾದಗಿರಿಯ ಹುಡುಗಿಗೆ ತನ್ನ ಜಿಲ್ಲೆ ಸಿಗುವುದಿಲ್ಲ. ಭಾರತದಲ್ಲಿ ಚೀತಾ ಅಳಿದುಹೋಯಿತೆಂದು ಘೋಷಿಸಿದ್ದು 1952ರಲ್ಲಿ. ನಮೀಬಿಯಾದಿಂದ ಬಂದ ಎಂಟು ಚೀತಾಗಳು ಮಧ್ಯಪ್ರದೇಶದ ಕುನೋ ಕಾಡಿಗೆ ಕಾಲಿಟ್ಟದ್ದು 2022ರ ಸೆಪ್ಟೆಂಬರ್ 17ರಂದು. ಈ ಎರಡನೇ ಭಾಗ ಹಳೆಯ ಪ್ರಾಣಿ ಪುಸ್ತಕದಲ್ಲಿ ಇರಲು ಸಾಧ್ಯವೇ ಇಲ್ಲ. ಡೈನೋಸಾರ್ ಎಂದರೆ ಹಲ್ಲಿಯಂಥ ಬೋಳು ಚರ್ಮದ ಪ್ರಾಣಿ ಎಂಬ ಚಿತ್ರವೂ ಹಳತಾಗಿದೆ. ಚೀನಾದ ಲಿಯಾವ್‌ನಿಂಗ್ ಪ್ರಾಂತ್ಯದಲ್ಲಿ 1996ರಲ್ಲಿ ಮೈಮೇಲೆ ತುಪ್ಪುಳದ ಗುರುತಿದ್ದ ಪಳೆಯುಳಿಕೆ ಬೆಳಕಿಗೆ ಬಂದ ಮೇಲೆ ಎಷ್ಟೋ ಡೈನೋಸಾರ್‌ಗಳಿಗೆ ಗರಿ ಮೂಡಿದೆ.

ಕಥೆಗೆ ಈ ಕಷ್ಟ ಇಲ್ಲ. ಅಜ್ಜಿ ಕೇಳಿದ ಪುಣ್ಯಕೋಟಿಯ ಹಾಡನ್ನು ಮೊಮ್ಮಗಳೂ ಕೇಳಬಹುದು; ಹುಲಿ ಹಳತಾಗುವುದಿಲ್ಲ. ಮಾಹಿತಿ ಪುಸ್ತಕಕ್ಕಾದರೋ ಔಷಧದ ಡಬ್ಬಿಗಿರುವಂತೆ ಒಂದು ಅವಧಿ ಇದೆ, ಅದನ್ನು ಹೊರಗೆ ಅಚ್ಚು ಹಾಕಿರುವುದಿಲ್ಲ ಅಷ್ಟೇ. ಮನೆಯಲ್ಲಿ ಇಂಟರ್‌ನೆಟ್ಟು, ಇಂಗ್ಲಿಷ್ ಪುಸ್ತಕ, ಓದಿದ ಅಪ್ಪ-ಅಮ್ಮ ಇರುವ ಮಗು ಹಳೆಯ ಪುಸ್ತಕದ ತಪ್ಪನ್ನು ಸಂಜೆಯೊಳಗೆ ತಿದ್ದಿಕೊಳ್ಳುತ್ತದೆ. ಗ್ರಂಥಾಲಯದ ಕಪಾಟೊಂದೇ ಆಸರೆಯಾಗಿರುವ ಮಗುವಿಗೆ ಆ ಒಂಬತ್ತು ಗ್ರಹಗಳೇ ಖಾಯಂ. ಹಾಗಾಗಿ ಹೊಸ ಪುಸ್ತಕ ಯಾರಿಗೆ ಹೆಚ್ಚು ಬೇಕೋ ಅವರ ಊರಿಗೇ ಅದು ಎಲ್ಲಕ್ಕಿಂತ ತಡವಾಗಿ ತಲುಪುತ್ತದೆ. ಈ ಲೇಖನದ ತಕರಾರು ಇಷ್ಟೇ.

ಯಾವುದು ಈ ಕಪಾಟು?

ಮಕ್ಕಳ ಸಾಹಿತ್ಯ ಎಂದಕೂಡಲೇ ನಮ್ಮ ಮನಸ್ಸು ಪದ್ಯಕ್ಕೆ, ಕಥೆಗೆ ಹೋಗುತ್ತದೆ. ಗ್ರಂಥಾಲಯದಲ್ಲಿ ಅದರ ಪಕ್ಕದಲ್ಲೇ ಇನ್ನೊಂದು ದೊಡ್ಡ ಸಂಸಾರ ಇದೆ. ಗ್ರಹ, ಗುಡುಗು, ಗೆದ್ದಲು, ಗಣಿತದ ಆಟ, ರೈಲು, ರಾಜರ ನಾಣ್ಯ, ಕ್ರಿಕೆಟ್ ನಿಯಮ, ಕಾಗದದಲ್ಲಿ ದೋಣಿ ಮಡಿಸುವುದು, ಮಹಾತ್ಮರ ಬದುಕು ಎಲ್ಲ ಇಲ್ಲಿಗೆ ಸೇರುತ್ತವೆ. ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ಪದ್ಧತಿಯನ್ನು ಪಾಲಿಸುವ ಗ್ರಂಥಾಲಯಗಳಲ್ಲಿ ಪ್ರತಿಯೊಂದಕ್ಕೂ ಒಂದು ವಿಳಾಸ ಇದೆ: ಗ್ರಹಗಳು 523.4, ಡೈನೋಸಾರ್ 567.9, ಸಸ್ತನಿಗಳು 599, ಆಟೋಟ 796, ಭಾರತದ ಇತಿಹಾಸ 954. ಸ್ವಾರಸ್ಯವೆಂದರೆ ಜನಪದ ಕಥೆಗಳಿಗೂ ಈ ಅಂಕಿಗಳ ಓಣಿಯಲ್ಲೇ 398.2 ಎಂಬ ಮನೆ ಸಿಕ್ಕಿದೆ.

ಹೊಸ ಪುಸ್ತಕದ ಕಟ್ಟು ಗ್ರಂಥಾಲಯಕ್ಕೆ ಬಂದ ದಿನ ನಡೆಯುವ ಕೆಲಸವನ್ನು ಓದುಗರು ನೋಡುವುದು ಕಡಿಮೆ. ಸೆಣಬಿನ ದಾರ ಬಿಚ್ಚಿ, ಬಿಲ್ಲಿನ ಜೊತೆ ಪುಸ್ತಕಗಳನ್ನು ತಾಳೆ ನೋಡಬೇಕು. ಒಂದೊಂದನ್ನೂ ದಾಖಲಾತಿ ವಹಿಯಲ್ಲಿ ಬರೆದು ಕ್ರಮಸಂಖ್ಯೆ ಕೊಡಬೇಕು. ಹೆಸರುಪುಟಕ್ಕೆ, ಒಳಗಿನ ಒಂದು ಗುಟ್ಟಿನ ಪುಟಕ್ಕೆ ಮುದ್ರೆ ಒತ್ತಬೇಕು. ಬೆನ್ನಿಗೆ ಚೀಟಿ, ಕೊನೆಗೆ ವಾಪಸಿನ ದಿನಾಂಕದ ಹಾಳೆ. ಇಷ್ಟೆಲ್ಲ ಸಂಸ್ಕಾರವಾದ ಮೇಲೆ ಪುಸ್ತಕ ಸರ್ಕಾರದ ಆಸ್ತಿ. ಆ ಕ್ಷಣದಿಂದ ಅದು ಮೇಜು, ಕುರ್ಚಿ, ಫ್ಯಾನಿನ ಜೊತೆ ಲೆಕ್ಕಕ್ಕೆ ಬರುತ್ತದೆ. ಪುಸ್ತಕ ಯಾಕೆ ಹೊಸದಾಗುವುದಿಲ್ಲ ಎಂಬ ಪ್ರಶ್ನೆಯ ಅರ್ಧ ಉತ್ತರ ಈ ವಹಿಯಲ್ಲೇ ಇದೆ. ಅದಕ್ಕೆ ಆಮೇಲೆ ಬರೋಣ.

ದೊಡ್ಡವರು ಹಾಕಿಕೊಟ್ಟ ದಾರಿ

ಕನ್ನಡದ ಮಕ್ಕಳಿಗೆ ಲೋಕಜ್ಞಾನ ಕೊಡುವ ಕೆಲಸಕ್ಕೆ ದೊಡ್ಡ ಪರಂಪರೆಯೇ ಇದೆ. ಶಿವರಾಮ ಕಾರಂತರು ‘ಬಾಲ ಪ್ರಪಂಚ’ವನ್ನು ಮೂರು ಸಂಪುಟಗಳಲ್ಲಿ ತಂದದ್ದು 1936ರಲ್ಲಿ. ಪ್ಲೂಟೊ ಪತ್ತೆಯಾಗಿ ಆರೇ ವರ್ಷವಾಗಿತ್ತು. ವಿಶ್ವಕೋಶ ಎಂದರೆ ಸಂಪಾದಕ ಮಂಡಳಿ, ಕಚೇರಿ, ಅನುದಾನ ಎಂದೆಲ್ಲ ಯೋಚಿಸುವ ನಮಗೆ ಅಂಥದ್ದನ್ನು ಒಬ್ಬ ಮನುಷ್ಯ ಮೈಮೇಲೆ ಹಾಕಿಕೊಂಡದ್ದು ಈಗಲೂ ಬೆರಗು. 1959ರಿಂದ ಮುಂದಕ್ಕೆ ಅವರದೇ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳು ಬಂದವು. ಎಪ್ಪತ್ತರ ದಶಕದಲ್ಲಿ ನಿರಂಜನರ ಸಂಪಾದಕತ್ವದಲ್ಲಿ ಕಿರಿಯರ ವಿಶ್ವಕೋಶ ‘ಜ್ಞಾನ ಗಂಗೋತ್ರಿ’ ಏಳು ಸಂಪುಟಗಳಲ್ಲಿ ಹೊರಬಂತು. ಅನೇಕ ಶಾಲೆಗಳ ಗಾಜಿನ ಬೀರುವಿನಲ್ಲಿ ಅದರ ದಪ್ಪ ಬೆನ್ನುಗಳು ಸಾಲಾಗಿ ನಿಂತಿರುವುದನ್ನು ಒಂದು ಇಡೀ ತಲೆಮಾರು ನೋಡಿ ಬೆಳೆದಿದೆ.

ಅದೇ ಹೊತ್ತಿಗೆ ಅಂಗೈಯಗಲದ ಪುಸ್ತಕಗಳ ಇನ್ನೊಂದು ಹೊಳೆಯೂ ಹರಿಯಿತು. ಎಲ್.ಎಸ್. ಶೇಷಗಿರಿ ರಾವ್ ಅವರ ಸಂಪಾದಕತ್ವದಲ್ಲಿ ರಾಷ್ಟ್ರೋತ್ಥಾನ ಹೊರತಂದ ‘ಭಾರತ-ಭಾರತಿ’ ಮಾಲೆಯಲ್ಲಿ ಐನೂರಕ್ಕೂ ಹೆಚ್ಚು ಕಿರುಹೊತ್ತಿಗೆಗಳು ಬಂದವು. ಜೇಬಿನ ಚಿಲ್ಲರೆಗೆ ಸಿಗುತ್ತಿದ್ದ ಅವುಗಳನ್ನು ಮಕ್ಕಳು ಬಸ್ ಟಿಕೆಟ್ಟಿನಂತೆ ಕೂಡಿಹಾಕುತ್ತಿದ್ದರು. ವಿಜ್ಞಾನದ ಕಡೆ ‘ಬಾಲ ವಿಜ್ಞಾನ’ ಮಾಸಪತ್ರಿಕೆ 1978ರಲ್ಲಿ ಶುರುವಾಯಿತು. ಎರಡು ವರ್ಷದ ನಂತರ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಹುಟ್ಟಿತು. ಜಿ.ಟಿ. ನಾರಾಯಣ ರಾವ್, ಜೆ.ಆರ್. ಲಕ್ಷ್ಮಣ ರಾವ್, ಅಡ್ಯನಡ್ಕ ಕೃಷ್ಣಭಟ್ಟರಂಥವರು ಮೇಷ್ಟ್ರುಗಿರಿಯ ಜೊತೆಗೇ ವಿಜ್ಞಾನವನ್ನು ಕನ್ನಡದಲ್ಲಿ ಮಾತಾಡಿಸಿದರು. ನವಕರ್ನಾಟಕ ಪ್ರಕಾಶನ ವಿಜ್ಞಾನದ ಪುಸ್ತಕಗಳಿಗೆ ಅಂಗಡಿಯಲ್ಲಿ ಖಾಯಂ ಜಾಗ ಕೊಟ್ಟಿತು.

ಈ ಹಿರಿಯರ ಸಾಧನೆ ಕಡಿಮೆಯದಲ್ಲ. ತೊಡಕು ಇರುವುದು ನಾವು ಅವರನ್ನು ನಡೆಸಿಕೊಂಡ ರೀತಿಯಲ್ಲಿ. ಕಾರಂತರು ‘ಬಾಲ ಪ್ರಪಂಚ’ ಬರೆದಾಗ ಅದು ಅಂದಿನ ಹೊಸ ಪುಸ್ತಕ, ಅಂದಿನ ಜಗತ್ತಿನ ಸುದ್ದಿ. ನಾವು ಅದನ್ನು ಕೈಮುಗಿದು ಬೀರುವಿನಲ್ಲಿ ಇಟ್ಟೆವು. ಅದರ ಪಕ್ಕದಲ್ಲಿ ಪ್ರತಿ ಹತ್ತು ವರ್ಷಕ್ಕೊಂದು ಹೊಸ ‘ಪ್ರಪಂಚ’ ಇಡಬೇಕಾದ ಹೊಣೆಯನ್ನು ಮಾತ್ರ ಮರೆತೆವು. ಮರುಮುದ್ರಣವನ್ನೇ ಪರಿಷ್ಕರಣೆ ಎಂದುಕೊಳ್ಳುವ ರೂಢಿಯೂ ಬೆಳೆಯಿತು. ‘ಏಳನೇ ಮುದ್ರಣ’ ಎಂಬ ಸಾಲು ಹೆಮ್ಮೆಯಿಂದ ಕೂತಿರುತ್ತದೆ; ಒಳಗೆ ಒಂದು ಅಕ್ಷರವೂ ಕದಲಿರುವುದಿಲ್ಲ. ಕಾದಂಬರಿಗೆ ಏಳನೇ ಮುದ್ರಣ ಕಿರೀಟ. ಉಪಗ್ರಹಗಳ ಕುರಿತ ಪುಸ್ತಕಕ್ಕೆ ಅದು ಎಚ್ಚರಿಕೆಯ ಗಂಟೆ.

ಪುಟಕ್ಕೆ ಇಷ್ಟು ಎಂಬ ಲೆಕ್ಕ

ಪುಸ್ತಕ ಕೊಳ್ಳುವ ಹಣ ಎಲ್ಲಿಂದ ಬರುತ್ತದೆ? ನಾವು ಕಟ್ಟುವ ತೆರಿಗೆಯಿಂದಲೇ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಪ್ರತಿ ರೂಪಾಯಿಗೆ ಆರು ಪೈಸೆ ಗ್ರಂಥಾಲಯ ಕರ. ಮನೆ ಕಂದಾಯದ ರಸೀದಿಯನ್ನು ಒಮ್ಮೆ ತಿರುವಿ ನೋಡಿದರೆ ಆ ಸಾಲು ಕಣ್ಣಿಗೆ ಬೀಳುತ್ತದೆ. ಅಂದರೆ ಗ್ರಂಥಾಲಯದ ಹೊಸ ಪುಸ್ತಕ ಸರ್ಕಾರದ ದಯೆಯಲ್ಲ, ನಾವು ಮುಂಗಡ ಕೊಟ್ಟು ಕಾಯುತ್ತಿರುವ ಸರಕು. ಈ ಕರವನ್ನು ಸ್ಥಳೀಯ ಸಂಸ್ಥೆಗಳು ವಸೂಲಿ ಮಾಡಿ ಗ್ರಂಥಾಲಯಕ್ಕೆ ಸಲ್ಲಿಸಬೇಕು. ವಸೂಲಿಯಾದದ್ದು ಸಕಾಲಕ್ಕೆ ಸಲ್ಲುವುದಿಲ್ಲ ಎಂಬುದು ಹಳೆಯ ಗೋಳು.

ಪ್ರಕಾಶಕರು ಆ ವರ್ಷ ಅಚ್ಚಾದ ಪುಸ್ತಕಗಳನ್ನು ಆಯ್ಕೆಗೆ ಸಲ್ಲಿಸುತ್ತಾರೆ, ಸಮಿತಿ ನೋಡುತ್ತದೆ, ಪಟ್ಟಿ ಹೊರಬೀಳುತ್ತದೆ, ಆಮೇಲೆ ಸರಬರಾಜು, ಆಮೇಲೆ ಬಿಲ್ಲು. ಒಂದೊಂದು ಮೆಟ್ಟಿಲಿನಲ್ಲೂ ತಿಂಗಳುಗಳು ಜಾರುತ್ತವೆ. ಕಥಾಸಂಕಲನ ಎರಡು ವರ್ಷ ತಡವಾಗಿ ಬಂದರೆ ಕಥೆಗೇನೂ ನಷ್ಟವಿಲ್ಲ. ಚಂದ್ರಯಾನ-3 ಚಂದ್ರನ ದಕ್ಷಿಣ ಧ್ರುವದ ಬಳಿ ಇಳಿದದ್ದು 2023ರ ಆಗಸ್ಟ್ 23ರ ಸಂಜೆ. ಮಾರನೆಯ ಬೆಳಿಗ್ಗೆಯೇ ರಾಜ್ಯದ ಪ್ರತಿ ಶಾಲೆಯಲ್ಲೂ ಅದೇ ಮಾತು. ಅದರ ಪುಸ್ತಕ ಮಕ್ಕಳ ಕೈಸೇರಬೇಕಾದ್ದು ಆ ಬಿಸಿ ಆರುವ ಮೊದಲು. ಮೂರು ವರ್ಷದ ನಂತರ ಬಂದರೆ ಅದೂ ಒಂದು ಪಾಠ, ಅಷ್ಟೇ.

ಇದಕ್ಕಿಂತ ಸೂಕ್ಷ್ಮವಾದ ಗಂಟು ಬೆಲೆಯದು. ಸಗಟು ಖರೀದಿಯಲ್ಲಿ ಪುಸ್ತಕದ ಬೆಲೆಯನ್ನು ಪುಟಕ್ಕೆ ಇಷ್ಟು ಎಂದು ಕಟ್ಟುವ ಪದ್ಧತಿ ನಮ್ಮಲ್ಲಿದೆ. ಇನ್ನೂರು ಪುಟದ ಕಪ್ಪು-ಬಿಳುಪು ಕಾದಂಬರಿಗೆ ಈ ಲೆಕ್ಕ ಹೇಗೋ ಹೊಂದುತ್ತದೆ. ಏಳು ವರ್ಷದ ಮಗುವಿಗಾಗಿ ಮಾಡಿದ ಇಪ್ಪತ್ನಾಲ್ಕು ಪುಟದ ಬಣ್ಣದ ಪುಸ್ತಕವನ್ನು ಇದೇ ಗಜಕಡ್ಡಿಯಿಂದ ಅಳೆದರೆ ಏನಾದೀತು? ಅದರಲ್ಲಿ ಮಾತು ಐನೂರು ಪದಕ್ಕಿಂತ ಹೆಚ್ಚಿರುವುದಿಲ್ಲ. ಶ್ರಮವೆಲ್ಲ ಚಿತ್ರದಲ್ಲಿ, ವಿಷಯ ತಜ್ಞರ ಜೊತೆಗಿನ ಓಡಾಟದಲ್ಲಿ, ನಾಲ್ಕು ಬಣ್ಣದ ಅಚ್ಚಿನಲ್ಲಿ, ಮಕ್ಕಳ ಕೈಗೆ ಹರಿಯದ ಕಾಗದದಲ್ಲಿ ಇರುತ್ತದೆ. ಬಣ್ಣಕ್ಕೆ, ಒಳ್ಳೆಯ ಕಾಗದಕ್ಕೆ ಒಂದಿಷ್ಟು ಹೆಚ್ಚು ಕೊಟ್ಟರೂ ಚಿತ್ರ ಬರೆದವರ ಮೂರು ತಿಂಗಳಿಗೆ ಈ ಲೆಕ್ಕದಲ್ಲಿ ಕಾಲಂ ಇಲ್ಲ.

ಹೀಗಿರುವಾಗ ಪ್ರಕಾಶಕರು ಮಾಡುವುದು ಊಹಿಸಲು ಕಷ್ಟವಲ್ಲ. ‘ನೂರು ವಿಜ್ಞಾನಿಗಳು’, ‘ಸಾವಿರ ಪ್ರಶ್ನೋತ್ತರ’ಗಳ ದಪ್ಪ ಪುಸ್ತಕ ತರುತ್ತಾರೆ. ಪುಟ ತುಂಬುತ್ತದೆ, ಚಿತ್ರದ ಖರ್ಚಿಲ್ಲ, ಸ್ಪರ್ಧಾತ್ಮಕ ಪರೀಕ್ಷೆಯವರೂ ಕೊಳ್ಳುತ್ತಾರೆ. ನಮ್ಮ ಮಕ್ಕಳ ಜ್ಞಾನದ ಕಪಾಟು ಕ್ವಿಜ್ಜಿನ ವಾಸನೆ ಹೊಡೆಯುವುದಕ್ಕೆ ಕಾರಣ ಲೇಖಕರ ಸೋಮಾರಿತನಕ್ಕಿಂತ ಹೆಚ್ಚಾಗಿ ಈ ಗಜಕಡ್ಡಿ. ಇನ್ನು ಪ್ರತಿಗಳ ಸಂಖ್ಯೆ. ಆಯ್ಕೆಯಾದ ಪುಸ್ತಕಕ್ಕೆ ಮುನ್ನೂರು ಪ್ರತಿ ಎಂಬುದು ಬಹುಕಾಲ ನಡೆದುಬಂದ ಲೆಕ್ಕ. ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗಳೇ ಸುಮಾರು ಆರು ಸಾವಿರ ಇವೆ. ಇಪ್ಪತ್ತು ಊರಿಗೆ ಒಂದು ಪ್ರತಿಯ ಪಾಲೂ ಬೀಳುವುದಿಲ್ಲ.

ಒಂದು ಕಪ್ಪೆ, ಇಪ್ಪತ್ನಾಲ್ಕು ಪುಟ

ಒಳ್ಳೆಯ ಹೊಸ ಮಾಹಿತಿ ಪುಸ್ತಕ ಅಂದರೆ ಹೇಗಿರಬೇಕು? ನಮ್ಮ ಕಾಡಿನದೇ ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಉತ್ತರ ಕನ್ನಡದ ಕತ್ತಲೆಕಾನಿನ ತೊರೆಗಳಲ್ಲಿ ಒಂದು ಪುಟ್ಟ ಇರುಳುಗಪ್ಪೆ ಇದೆ. ಹೆಣ್ಣು ನೀರಿನಿಂದ ಮೇಲೆ, ಕಡ್ಡಿಯ ಮೇಲೋ ಕಲ್ಲಿನ ಮೇಲೋ ಮೊಟ್ಟೆಯಿಟ್ಟು ಹೋಗುತ್ತದೆ. ಆಮೇಲಿನ ಕೆಲಸ ಗಂಡಿನದು. ಅದು ತೊರೆಯ ತಳದಿಂದ ಕೆಸರನ್ನು ಮುಂಗೈಯಲ್ಲಿ ಬಾಚಿಕೊಂಡು, ಹಿಂಗಾಲ ಮೇಲೆ ನೆಟ್ಟಗೆ ನಿಂತು, ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಮತ್ತೆ ಬಾಚುತ್ತದೆ, ಮತ್ತೆ ಮೆತ್ತುತ್ತದೆ. ಕೆ.ವಿ. ಗುರುರಾಜ ಮತ್ತು ಸಂಗಡಿಗರು ಇದನ್ನು ಹೊಸ ಪ್ರಭೇದವೆಂದು 2014ರಲ್ಲಿ ಜಗತ್ತಿಗೆ ಪರಿಚಯಿಸಿದರು. ಮಡಕೆ ಮಾಡುವವರ ನೆನಪಿಗೆ ಅದರ ವೈಜ್ಞಾನಿಕ ಹೆಸರಿನಲ್ಲೇ ‘ಕುಂಬಾರ’ ಸೇರಿತು.

ಈ ಸಂಗತಿಯನ್ನು ಪ್ರಶ್ನೋತ್ತರದ ಪುಸ್ತಕಕ್ಕೆ ಕೊಟ್ಟರೆ ಒಂದೇ ಸಾಲು: ಕುಂಬಾರ ಕಪ್ಪೆ ಎಲ್ಲಿದೆ? ಉತ್ತರ ಕನ್ನಡ. ಮುಗಿಯಿತು. ಅದನ್ನೇ ಇಪ್ಪತ್ನಾಲ್ಕು ಪುಟಕ್ಕೆ ಕೊಟ್ಟು ನೋಡಿ. ಮೊದಲ ಎರಡು ಪುಟ ಪೂರ್ತಿ ಕತ್ತಲೆ, ಮಳೆ, ರಾಮಪತ್ರೆ ಜಡ್ಡಿಯ ಮೊಣಕಾಲಿನಂಥ ಬೇರುಗಳು. ಮುಂದಿನ ಪುಟದಲ್ಲಿ ಕಪ್ಪೆ ಇದೆ, ಆದರೆ ಹುಡುಕಬೇಕು. ನಡುವಿನ ಆರು ಪುಟ ಬರೀ ಕೈಕೆಲಸ: ಬಾಚು, ಎದ್ದು ನಿಲ್ಲು, ಮೆತ್ತು. ಒಂದು ಪುಟದಲ್ಲಿ ಕಪ್ಪೆಯ ನಿಜವಾದ ಅಳತೆಯ ಚಿತ್ರ, ಮಗು ತನ್ನ ಹೆಬ್ಬೆರಳನ್ನು ಪಕ್ಕದಲ್ಲಿಟ್ಟು ನೋಡಲಿಕ್ಕೆ. ಇನ್ನೊಂದರಲ್ಲಿ ತಲೆಗೆ ಲೈಟು ಕಟ್ಟಿಕೊಂಡು ಇರುಳೆಲ್ಲ ನೀರಿನಂಚಿನಲ್ಲಿ ಕೂತ ವಿಜ್ಞಾನಿ, ಅವರ ಒದ್ದೆ ಪುಸ್ತಕ, ಪೆನ್ಸಿಲು. ವಿಜ್ಞಾನ ಎಂದರೆ ಬಿಳಿ ಕೋಟು, ಗಾಜಿನ ಬುರುಡೆ ಎಂದುಕೊಂಡ ಮಗುವಿಗೆ ಆ ಒಂದು ಚಿತ್ರ ಸಾಕು.

ಇಂಥ ಪುಸ್ತಕದ ಜೀವ ಇರುವುದು ಕೊನೆಯ ಪುಟಗಳಲ್ಲಿ. ಕಪ್ಪೆ ಯಾಕೆ ಹೀಗೆ ಕೆಸರು ಮೆತ್ತುತ್ತದೆ? ಮೊಟ್ಟೆ ಒಣಗದಿರಲಿ ಎಂದಿರಬಹುದು, ತಿನ್ನಲು ಬರುವವರ ಕಣ್ಣು ತಪ್ಪಿಸಲು ಇರಬಹುದು. ‘ಇರಬಹುದು’ ಎನ್ನುವ ಈ ಪ್ರಾಮಾಣಿಕತೆ ನಮ್ಮ ಮಕ್ಕಳ ಪುಸ್ತಕಗಳಲ್ಲಿ ಅಪರೂಪ. ನಮಗೆ ಎಲ್ಲಕ್ಕೂ ಪೂರ್ಣವಿರಾಮ ಹಾಕಿ ಅಭ್ಯಾಸ. ಅದನ್ನು ಓದಿದ ಸಿದ್ದಾಪುರದ ಹುಡುಗನಿಗೆ ತನ್ನ ಮನೆಯ ಹಿಂದಿನ ಹಳ್ಳದಲ್ಲಿ ಇನ್ನೂ ಯಾರೂ ಬಿಡಿಸದ ಒಗಟು ಇದೆ ಎಂದು ಗೊತ್ತಾಗುತ್ತದೆ. ಪುಸ್ತಕ ಮುಚ್ಚಿಟ್ಟು ಟಾರ್ಚ್ ಹುಡುಕಿದನೆಂದರೆ ಬರೆದವರು ಗೆದ್ದರು.

ಊರಿನ ಸಂಗತಿಯ ಮೇಲೆ ಇಷ್ಟು ಒತ್ತು ಕೊಡುವುದಕ್ಕೆ ಕಾರಣವಿದೆ. ಹಿಮಕರಡಿ, ಪೆಂಗ್ವಿನ್, ಈಜಿಪ್ಟಿನ ಪಿರಮಿಡ್ಡುಗಳ ಪುಸ್ತಕಗಳು ಎಲ್ಲಿಂದಲೋ ಅನುವಾದವಾಗಿ ಹೇಗೋ ಬಂದುಬಿಡುತ್ತವೆ. ದರೋಜಿಯ ಕರಡಿ, ಕೊಕ್ಕರೆಬೆಳ್ಳೂರಿನ ಹೆಜ್ಜಾರ್ಲೆ, ಸನ್ನತಿಯ ಅಶೋಕನ ಶಾಸನ, ಕೋಲಾರದ ಚಿನ್ನದ ಗಣಿಯ ಆಳ, ಸಂಕೇಶ್ವರದ ಮೆಣಸಿನಕಾಯಿ ಇವುಗಳ ಕುರಿತು ಎಂಟು ವರ್ಷದ ಮಗು ತಾನೊಂದೇ ಕೂತು ಓದುವ ಪುಸ್ತಕವನ್ನು ಬೇರೆ ಯಾವ ಭಾಷೆಯವರೂ ಬರೆದುಕೊಡುವುದಿಲ್ಲ.

ಓಲೆ ಬೇಡ, ವಿಶ್ವಕೋಶ ಕೊಡಿ

ಜೀವನ ಚರಿತ್ರೆಯ ಸಾಲು ನಮ್ಮಲ್ಲಿ ಎಂದೂ ಬರಿದಾಗಿಲ್ಲ. ಅಲ್ಲಿನ ಕೊರತೆ ಬೇರೆ ಥರದ್ದು. ಅವೇ ಇಪ್ಪತ್ತು-ಮೂವತ್ತು ಹೆಸರು, ಅದೇ ಆರಂಭ: ಇಂಥ ಇಸವಿಯಲ್ಲಿ, ಇಂಥ ಊರಲ್ಲಿ, ಸಾಧ್ವಿ ತಾಯಿಗೆ ಜನನ. ಬಾಲ್ಯದಲ್ಲೇ ಮಹಾ ಬುದ್ಧಿವಂತ. ಹೀಗೆ ಹುಟ್ಟಿದ ದಿನವೇ ಪ್ರತಿಮೆಯಾದವರ ಜೊತೆ ಮಕ್ಕಳು ಸ್ನೇಹ ಬೆಳೆಸುವುದು ಕಷ್ಟ. ಬೊಳುವಾರು ಮಹಮದ್ ಕುಂಞಿ ಅವರು ಗಾಂಧಿಯನ್ನು ಪಾಪುವಾಗಿದ್ದಾಗಿನಿಂದ ಹಿಡಿದು ಮಕ್ಕಳಿಗೆ ಹೇಳಿದ ಪುಸ್ತಕಕ್ಕೆ 2010ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂತು. ಎಲ್ಲರಿಗೂ ಗೊತ್ತಿರುವ ಹೆಸರನ್ನೂ ಹೊಸದಾಗಿ ಹೇಳಬಹುದು ಎಂಬುದಕ್ಕೆ ಅದು ಸಾಕ್ಷಿ.

ಹೊಸ ಹೆಸರುಗಳಿಗೂ ಬರವಿಲ್ಲ. ಅಣ್ಣಾ ಮಣಿ ಅವರನ್ನೇ ನೋಡಿ. ಕೇರಳದ ಪೀರುಮೇಡಿನಲ್ಲಿ 1918ರಲ್ಲಿ ಹುಟ್ಟಿದ ಈಕೆಗೆ ಎಂಟನೇ ಹುಟ್ಟುಹಬ್ಬಕ್ಕೆ ಮನೆತನದ ವಾಡಿಕೆಯಂತೆ ವಜ್ರದ ಓಲೆ ಕೊಡಹೋದರೆ, ಓಲೆ ಬೇಡ, ಬ್ರಿಟಾನಿಕಾ ವಿಶ್ವಕೋಶ ಕೊಡಿಸಿ ಎಂದಳಂತೆ ಹುಡುಗಿ. ಅಷ್ಟರಲ್ಲಾಗಲೇ ಊರಿನ ಸಾರ್ವಜನಿಕ ಗ್ರಂಥಾಲಯದ ಮಲಯಾಳಂ ಪುಸ್ತಕಗಳನ್ನು ಬಹುಪಾಲು ಓದಿ ಮುಗಿಸಿದ್ದಳು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಪ್ರಯೋಗಾಲಯ ಸೇರಿ ಆಕೆ ಅಭ್ಯಾಸ ಮಾಡಿದ್ದು ವಜ್ರ ಮತ್ತು ಮಾಣಿಕ್ಯದಲ್ಲಿ ಬೆಳಕು ಹೇಗೆ ವರ್ತಿಸುತ್ತದೆ ಎಂಬುದನ್ನು. ಆಮೇಲೆ ಹವಾಮಾನ ಇಲಾಖೆ ಸೇರಿ ದೇಶಕ್ಕೆ ಬೇಕಾದ ಮಾಪನ ಉಪಕರಣಗಳು ಇಲ್ಲೇ ತಯಾರಾಗುವಂತೆ ಮಾಡಿದರು. ಬೆಂಗಳೂರಿನ ಪ್ರಥಮ್ ಬುಕ್ಸ್ ಇವರನ್ನು ಕುರಿತು ನಂದಿತಾ ಜಯರಾಜ್ ಬರೆದ ಚಿತ್ರಪುಸ್ತಕ ತಂದಿದೆ. ಹರೇಕಳ ಹಾಜಬ್ಬ, ತುಳಸಿ ಗೌಡರಂಥವರ ಬದುಕನ್ನೂ ಬರೀ ಸನ್ಮಾನದ ಭಾಷೆಯಲ್ಲಿ ಅಲ್ಲದೆ, ಕಿತ್ತಳೆ ಬುಟ್ಟಿಯ ಭಾರ, ಬೀಜ ಆರಿಸುವ ಬೆರಳು ಕಾಣುವ ಹಾಗೆ ಬರೆಯಲು ಸಾಧ್ಯವಿದೆ.

ಬೆಳೆಯುವ ಜೀವಿ ಎಲೆಯನ್ನೂ ಉದುರಿಸಬೇಕು

ಇಷ್ಟೆಲ್ಲ ಹೇಳುವಾಗ ಗ್ರಂಥಾಲಯಗಳ ಬಾಗಿಲು ಮಕ್ಕಳಿಗೆ ಹಿಂದೆಂದಿಗಿಂತ ಅಗಲವಾಗಿ ತೆರೆದಿದೆ ಎಂಬುದನ್ನೂ ಹೇಳಬೇಕು. ಒಂದು ಕಾಲದಲ್ಲಿ ಮಕ್ಕಳ ಗ್ರಂಥಾಲಯ ಎಂದರೆ ಬೆಂಗಳೂರಿನ ಕಬ್ಬನ್ ಉದ್ಯಾನದ ಇಂದಿರಾ ಪ್ರಿಯದರ್ಶಿನಿ ಗ್ರಂಥಾಲಯದಂಥ ಪಟ್ಟಣದ ಭಾಗ್ಯ. 2019ರಲ್ಲಿ ಹಳ್ಳಿಯ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. ಶಾಲೆಗಳು ಮುಚ್ಚಿದ್ದ ಕೋವಿಡ್ ಕಾಲದಲ್ಲಿ, 2020ರ ಮಕ್ಕಳ ದಿನಾಚರಣೆಗೆ ‘ಓದುವ ಬೆಳಕು’ ಶುರುವಾಗಿ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಲಕ್ಷಾಂತರ ಮಕ್ಕಳು ಹೆಸರು ಬರೆಸಿದರು. ಈಗ ಅವಕ್ಕೆ ‘ಅರಿವು ಕೇಂದ್ರ’ ಎಂಬ ಹೆಸರು. ಎಷ್ಟೋ ಕಡೆ ಗೋಡೆಗೆ ಬಣ್ಣ ಬಂದಿದೆ, ಕಂಪ್ಯೂಟರ್ ಬಂದಿದೆ, ನೆಲಕ್ಕೆ ಚಾಪೆ ಬಂದಿದೆ. ಕೂತು ಓದುವ ಮಗುವೂ ಬಂದಿದೆ. ಕೈಗೆ ಯಾವ ಪುಸ್ತಕ ಬಂತು ಎಂಬುದೇ ಉಳಿದ ಪ್ರಶ್ನೆ.

ದಾನಿಗಳಿಂದ ಪುಸ್ತಕ ಸಂಗ್ರಹಿಸುವ ಅಭಿಯಾನಗಳು ಒಳ್ಳೆಯ ಮನಸ್ಸಿನಿಂದ ನಡೆದಿವೆ. ಆದರೆ ಜನ ದಾನ ಕೊಡುವುದು ತಮಗೆ ಬೇಡವಾದದ್ದನ್ನು. ಹಳೆಯ ಗೈಡು, ಕಳೆದ ದಶಕದ ಸಾಮಾನ್ಯ ಜ್ಞಾನ, ಅರ್ಧ ತುಂಬಿದ ಪದಬಂಧ ಎಲ್ಲ ಅರಿವು ಕೇಂದ್ರದ ಕಪಾಟಿಗೆ ಬಂದು ಕೂರುತ್ತವೆ. ಒಮ್ಮೆ ವಹಿಗೆ ಏರಿದ ಮೇಲೆ ಇಳಿಸುವುದು ಸುಲಭವಲ್ಲ. ಕಳೆದ ಪುಸ್ತಕಕ್ಕೆ ಮೇಲ್ವಿಚಾರಕರು ಉತ್ತರ ಹೇಳಬೇಕು. ತಪ್ಪು ಹೇಳುವ ಪುಸ್ತಕಕ್ಕೆ ಯಾರೂ ಉತ್ತರ ಹೇಳಬೇಕಿಲ್ಲ. ಹಾಗಾಗಿ ಹೊಸ ಬಣ್ಣದ ಪುಸ್ತಕ ಬೀಗದೊಳಗೆ ಹೊಳೆಯುತ್ತಿರುತ್ತದೆ, ಒಂಬತ್ತು ಗ್ರಹದ ಪುಸ್ತಕ ಮಗುವಿನ ಕೈಯಲ್ಲಿರುತ್ತದೆ.

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಬದುಕಿನ ಕೊನೆಯ ಒಂದೂವರೆ ದಶಕ ಬೆಂಗಳೂರಿನಲ್ಲೇ ಇದ್ದವರು. 1962ರಲ್ಲಿ ಇಲ್ಲಿ ಸಂಶೋಧನಾ ಕೇಂದ್ರ ಕಟ್ಟಿದವರು. ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದು ಪುಸ್ತಕ ಇರುವುದು ಬಳಸಲಿಕ್ಕೆ ಎನ್ನುತ್ತದೆ. ಐದನೆಯದು ಗ್ರಂಥಾಲಯವನ್ನು ಬೆಳೆಯುವ ಜೀವಿ ಎನ್ನುತ್ತದೆ. ಈ ಸೂತ್ರವನ್ನು ನಾವು ಹೊಸ ಕಟ್ಟಡ, ಹೆಚ್ಚು ಪುಸ್ತಕ ಎಂದಷ್ಟೇ ಓದಿಕೊಂಡಿದ್ದೇವೆ. ಜೀವಿಯಾದ ಮೇಲೆ ಹಳೆಯದನ್ನು ಕಳಚುವುದೂ ಬೆಳವಣಿಗೆಯೇ. ಕಾರಂತರ ಸಂಪುಟಗಳನ್ನು ಗೌರವದಿಂದ ಪರಾಮರ್ಶನ ವಿಭಾಗಕ್ಕೆ ಕಳಿಸೋಣ, ಸಂಶೋಧಕರು ನೋಡಲಿ. ತಪ್ಪು ನಕ್ಷೆಯ, ತಪ್ಪು ಗ್ರಹದ ಪುಸ್ತಕಗಳನ್ನು ಮಕ್ಕಳ ಸಾಲಿನಿಂದ ತೆಗೆಯಲು ಮೇಲ್ವಿಚಾರಕರಿಗೆ ಲಿಖಿತ ಅಧಿಕಾರ, ಅದಕ್ಕೊಂದು ಸರಳ ನಮೂನೆ ಬೇಕು. ವಿಜ್ಞಾನ, ಭೂಗೋಳ, ತಂತ್ರಜ್ಞಾನದ ಪುಸ್ತಕಗಳನ್ನು ಹತ್ತು ವರ್ಷಕ್ಕೊಮ್ಮೆ ಕಡ್ಡಾಯವಾಗಿ ಪರಿಶೀಲಿಸುವ ನಿಯಮವಾದರೆ ಸಾಕು, ಅರ್ಧ ಕೆಲಸ ಆಯಿತು.

ಐದು ನಿಮಿಷದ ಪರೀಕ್ಷೆ

ಪಾಲಕರು, ಮೇಷ್ಟ್ರುಗಳು ಈ ಭಾನುವಾರವೇ ಮಾಡಬಹುದಾದ ಕೆಲಸವೂ ಇದೆ. ನಿಮ್ಮೂರ ಗ್ರಂಥಾಲಯದಲ್ಲಿ ಮಕ್ಕಳ ಮಾಹಿತಿ ಪುಸ್ತಕಗಳನ್ನು ಕೈಗೆತ್ತಿಕೊಳ್ಳಿ. ಮುಖಪುಟ ಬಿಡಿ, ಒಳಗೆ ಅಚ್ಚಿನ ವಿವರ ಇರುವ ಪುಟಕ್ಕೆ ಹೋಗಿ. ಮೊದಲ ಮುದ್ರಣ ಯಾವಾಗ, ಪರಿಷ್ಕರಣೆ ಆಗಿದೆಯೇ ನೋಡಿ. ಆಮೇಲೆ ಗ್ರಹಗಳೆಷ್ಟು, ರಾಜ್ಯದ ಜಿಲ್ಲೆಗಳೆಷ್ಟು, ಚೀತಾ ಎಲ್ಲಿದೆ, ಚಂದ್ರಯಾನ ಎಷ್ಟನೆಯದು ಎಂದು ಹುಡುಕಿ. ಚಿತ್ರ ಬರೆದವರ ಹೆಸರು ಹಾಕಿದ್ದಾರೆಯೇ, ವಿಷಯ ಹುಡುಕಲು ಕೊನೆಯಲ್ಲಿ ಪದಸೂಚಿ ಇದೆಯೇ ಎಂದೂ ಗಮನಿಸಿ. ಪದಸೂಚಿ ಇರುವ ಮಕ್ಕಳ ಪುಸ್ತಕ ಕನ್ನಡದಲ್ಲಿ ಕಂಡರೆ ಪ್ರಕಾಶಕರಿಗೆ ಒಂದು ಕಾಗದ ಬರೆಯಿರಿ, ಅವರಿಗೂ ಖುಷಿಯಾಗುತ್ತದೆ.

ಹೊಸ ಪುಸ್ತಕ ದುಬಾರಿ ಎನ್ನುವವರಿಗೆ ದಾರಿಗಳಿವೆ. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಮುಕ್ತ ಪರವಾನಗಿಯಲ್ಲಿವೆ. ಇಳಿಸಿಕೊಂಡು ಅಚ್ಚು ಹಾಕಿ ಹಂಚಿದರೂ ಯಾರೂ ಕೇಳುವುದಿಲ್ಲ, ಮೂಲ ಕರ್ತೃಗಳ ಹೆಸರು ಉಳಿಸಿದರಾಯಿತು. ಅರಿವು ಕೇಂದ್ರದ ಕಂಪ್ಯೂಟರಿಗೂ ಊರಿನ ಜೆರಾಕ್ಸ್ ಅಂಗಡಿಗೂ ನಡುವೆ ಇರುವುದು ಇನ್ನೂರು ಹೆಜ್ಜೆ. ನ್ಯಾಷನಲ್ ಬುಕ್ ಟ್ರಸ್ಟ್‌ನ ಮಕ್ಕಳ ಪುಸ್ತಕಗಳು ಈಗಲೂ ಕೈಗೆಟುಕುವ ಬೆಲೆಗೆ ಸಿಗುತ್ತವೆ.

ಆದರೆ ಜೆರಾಕ್ಸಿನಿಂದ ಗ್ರಂಥಾಲಯ ಕಟ್ಟಲಾಗದು. ಅದಕ್ಕೆ ಖರೀದಿಯ ನಿಯಮವೇ ಬದಲಾಗಬೇಕು: ಮಕ್ಕಳ ಚಿತ್ರಪುಸ್ತಕಗಳಿಗೆ ಪುಟದ ಲೆಕ್ಕ ಬಿಟ್ಟು ಬೇರೆ ದರ, ಪ್ರತ್ಯೇಕ ಆಯ್ಕೆ, ಸಮಿತಿಯಲ್ಲಿ ಶಾಲಾ ಶಿಕ್ಷಕರು, ಚಿತ್ರಕಲಾವಿದರು, ಒಬ್ಬ ವಿಜ್ಞಾನ ಬರಹಗಾರ. ಇದನ್ನು ಕೇಳುವ ವೇದಿಕೆಯೂ ನಮ್ಮಲ್ಲಿ ತಯಾರಿದೆ. ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮಸಭೆ ನಡೆಯಬೇಕೆಂಬ ಆದೇಶ ಕರ್ನಾಟಕದಲ್ಲಿದೆ. ಅಲ್ಲಿ ಮಕ್ಕಳು ಶೌಚಾಲಯ, ಬಸ್ಸು, ಆಟದ ಮೈದಾನ ಕೇಳುತ್ತಾರೆ, ಪಂಚಾಯಿತಿ ಅಧಿಕಾರಿ ಎದುರಿಗೆ ಕೂತು ಬರೆದುಕೊಳ್ಳುತ್ತಾರೆ. ಈ ಸಲದ ಸಭೆಯಲ್ಲಿ ಒಬ್ಬ ಹುಡುಗಿ ಎದ್ದು, ಕಳೆದ ಮೂರು ವರ್ಷದಲ್ಲಿ ಅಚ್ಚಾದ ಎಷ್ಟು ಮಾಹಿತಿ ಪುಸ್ತಕ ನಮ್ಮ ಕೇಂದ್ರಕ್ಕೆ ಬಂದಿವೆ, ಪಟ್ಟಿ ಓದಿ ಹೇಳಿ ಎಂದು ಕೇಳಲಿ. ಪಟ್ಟಿ ಉದ್ದವಿದ್ದರೆ ಸಂತೋಷ. ಇಲ್ಲದಿದ್ದರೆ ನಡಾವಳಿ ಪುಸ್ತಕದಲ್ಲಿ ಅವಳ ಪ್ರಶ್ನೆ ದಾಖಲಾಗುತ್ತದೆ, ಮುಂದಿನ ಸಭೆಗೆ ಉತ್ತರ ತರಲೇಬೇಕಾಗುತ್ತದೆ.